ಇಲ್ಲದ ಗಿರಿಜಾಬಾಯಿಗೆ ಮೆತ್ತನೆಯ ರೊಟ್ಟಿ

ಜೋಳ ಹಸನು ಮಾಡಲು ಕುಳಿತಾಗಲೇ ನನಗೆ ಸುದ್ದಿ ಬರುವುದು. ಮದುವೆಯಾದಾಗಿನಿಂದ ಹೀಗೇ ನಡೆದಿದೆ. ನಮ್ಮ ಮನೆಯವರಿಗೆ ನಾರಾಯಣಪುರದ ನೀರಾವರಿ ಕಚೇರಿಗೆ ವರ್ಗವಾಯಿತೆಂಬ ಸುದ್ದಿ ಬಂದಾಗ ನನ್ನ ಕೈಯಲ್ಲಿ ಮೊರವಿತ್ತು. ಮಗನಿಗೆ ರಾಮಸಮುದ್ರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತೆಂದು ಅವನು ಓಡಿ ಬಂದು ಹೇಳಿದಾಗಲೂ ಮೊರವಿತ್ತು. ಆ ಸಂತೋಷಕ್ಕೆ ಮೊರ ಎತ್ತಿ ಹಾಕಿ, ಹಸನಾದ ಜೋಳವೂ ಹಸನಾಗದ ಜೋಳವೂ ಒಂದಾಗಿ, ವಾರವಿಡೀ ಮನೆಮಂದಿಯೆಲ್ಲ ಹರಳು ಕಡಿಯುತ್ತ ಉಂಡೆವು. ಹಾಗಾಗಿ ಆ ಭಾನುವಾರ ಶಹಾಪುರದ ನಮ್ಮ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದಾಗ ಮೊಬೈಲು ಟಿಣ್ ಎಂದದ್ದೇ ತಡ, ನಾನು ಮಾಡಿದ ಮೊದಲ ಕೆಲಸವೆಂದರೆ ಮೊರವನ್ನು ಎರಡೂ ಕೈಯಿಂದ ಮೆಲ್ಲಗೆ ನೆಲಕ್ಕಿಟ್ಟದ್ದು. ಅನುಭವವೆಂದರೆ ಅಷ್ಟಾದರೂ ಬೇಡವೇ!

ಕನ್ನಡಕ ಹಾಕಿಕೊಂಡು ಓದಿದೆ. ‘ಹೊಸ ಆರ್ಡರ್ ಬಂದಿದೆ’ ಎಂದಿತ್ತು. ಮತ್ತೊಮ್ಮೆ ಓದಿದೆ. ಅದೇ ಇತ್ತು.

“ನಾಗಮ್ಮ, ಆರ್ಡರ್ ಬಂದದ! ರೊಟ್ಟಿ ಆರ್ಡರ್!” ಎಂದು ಕೂಗಿದೆ. ಕೂಗುವ ಅಗತ್ಯವಿರಲಿಲ್ಲ, ನಾಗಮ್ಮ ಅದೇ ರಾಶಿಯ ಆ ಕಡೆ ಕುಳಿತು ಹರಳು ಆರಿಸುತ್ತಿದ್ದಳು.

“ಯಾವನೋ ಕೈ ತಪ್ಪಿ ಒತ್ತಿರಬೇಕು ತಗೋ ಎಕ್ಕ,” ಎಂದಳು ಅವಳು, ತಲೆ ಎತ್ತದೆ.

ನಾಗಮ್ಮ ನಮ್ಮ ಪಕ್ಕದ ಮನೆಯವಳು. ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಗಳನ್ನು ಮದುವೆ ಮಾಡಿ ಕೊಟ್ಟಾಗಿದೆ. ಅವಳು ರೊಟ್ಟಿ ಬಡಿದರೆ ಅದರಾಚೆ ಇರುವ ದೀಪ ಕಾಣಬೇಕು, ಅಷ್ಟು ತೆಳು. ಬೆಳಗಿನ ಹೊತ್ತು ಗೋಡೆಯಾಚೆಯಿಂದ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ನಾನು ಏಳುವುದು. ನಮ್ಮ ಮನೆಯ ಗಡಿಯಾರದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅಂಥ ನಾಗಮ್ಮನಿಗೆ ಯಾದಗಿರಿಯ ಒಂದು ಹಾಸ್ಟೆಲಿನ ಅಡುಗೆಮನೆಯಿಂದ ಕರೆ ಬಂದಿತ್ತು. ಅಲ್ಲೇ ಇರಬೇಕು, ಅಲ್ಲೇ ಉಣ್ಣಬೇಕು, ಮನೆಗೆ ಬೀಗ. ಗೋಡೆಯಾಚೆ ಆ ಸಪ್ಪಳವಿಲ್ಲದ ಬೆಳಗನ್ನು ನೆನೆಯಲೂ ನನಗೆ ಮನಸ್ಸಾಗಲಿಲ್ಲ. ಆಗ ನನ್ನ ಸೊಸೆ ರೇಣುಕಾ ಒಂದು ಉಪಾಯ ತೆಗೆದಳು. ಅವಳು ಮನೆಯಲ್ಲೇ ಕುಳಿತು ಸುರಪುರ, ರಂಗಂಪೇಟೆ ಕಡೆಯ ಅಂಗಡಿಗಳಿಗೆ ಕಂಪ್ಯೂಟರಿನಲ್ಲಿ ವೆಬ್‌ಸೈಟು ಮಾಡಿಕೊಡುತ್ತಾಳೆ. “ಸೀರಿ ಅಂಗಡಿಗೆ ಮಾಡಿಕೊಡ್ತೀನಿ, ನಿಮ್ಮ ರೊಟ್ಟಿಗೆ ಮಾಡಬಾರದೇನ್ರಿ ಅತ್ತಿ?” ಎಂದು ನಮ್ಮಿಬ್ಬರ ಕಡಕ್ ರೊಟ್ಟಿಗೆ ಒಂದು ಅಂಗಡಿ ತೆರೆದೇಬಿಟ್ಟಳು. ಫೋನಿನೊಳಗೇ ಅಂಗಡಿ. ಬಾಗಿಲಿಲ್ಲ, ಕಸ ಗುಡಿಸುವುದಿಲ್ಲ, ಉದ್ರಿ ಕೇಳುವವರಿಲ್ಲ. ಒಂದೇ ಕೊರತೆಯೆಂದರೆ ಗಿರಾಕಿಯೂ ಇಲ್ಲ. ದಿನ ಕಳೆದವು, ವಾರ ಕಳೆದವು, ಒಬ್ಬರೂ ಬರಲಿಲ್ಲ. ನಾಗಮ್ಮ ಹೇಳಿಬಿಟ್ಟಳು: “ಈ ಅಮಾಸಿ ತನಕ ನೋಡ್ತೀನಿ ಎಕ್ಕ. ಆಮ್ಯಾಲ ನಾ ಹಾಸ್ಟೆಲ್ಲಿಗೆ ಹೋಗಾಕಿನ. ಫೋನಿನ ಬಾಯಿ ನೋಡ್ಕೊಂತ ಕುಂತ್ರ ಹೊಟ್ಟಿ ತುಂಬತದೇನು?”

ಅಮಾವಾಸ್ಯೆಗೆ ಉಳಿದಿದ್ದು ಕೈಬೆರಳೆಣಿಕೆಯ ದಿನ. ನಾನು ಹನುಮಪ್ಪನಿಗೆ ಶನಿವಾರದ ಒಪ್ಪತ್ತು ಹಿಡಿದಿದ್ದೆ. ‘ಅಪ್ಪಾ, ದೊಡ್ಡದೇನೂ ಕೇಳುವುದಿಲ್ಲ, ಒಂದೇ ಒಂದು ಆರ್ಡರ್ ಕಳಿಸು’ ಎಂದು. ಶನಿವಾರ ಉಪವಾಸ, ಭಾನುವಾರ ಟಿಣ್! ನಿಮಗಾದರೂ ಏನು ಅನ್ನಿಸುತ್ತಿತ್ತು ಹೇಳಿ.

ಆ ಹೊತ್ತಿಗೆ ಅದೇ ಪಡಸಾಲೆಯ ಮೂಲೆಯಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿದ್ದರು. ಅವರ ಬಗ್ಗೆಯೂ ಹೇಳಲೇಬೇಕು. ರೇಣುಕಾಳ ಲ್ಯಾಪ್‌ಟಾಪಿನಲ್ಲಿ ಇತ್ತೀಚೆಗೆ ಒಬ್ಬ ಏಜೆಂಟ್ ಸೇರಿಕೊಂಡಿದ್ದಾನೆ. ನಾನು ನೋಡಿದ ಏಜೆಂಟರೆಲ್ಲ ವಿಮೆಯವರು. ಚಹಾ ಕುಡಿದು, ಚೂಡಾ ತಿಂದು, ನಾವು ಸಾಯುವ ವಿಷಯವನ್ನು ನಗುನಗುತ್ತ ಮಾತಾಡಿ ಹೋಗುತ್ತಿದ್ದರು. ಈ ಏಜೆಂಟನಿಗೆ ಮೈಯಿಲ್ಲ, ಹೊಟ್ಟೆಯೂ ಇಲ್ಲ, ಬುದ್ಧಿ ಮಾತ್ರ ಇದೆ. ಮೊದಲ ಸಲ ನೋಡಿದಾಗ ಹೆದರಿ ಹೋಗಿದ್ದೆ. ಕುರ್ಚಿಯಲ್ಲಿ ಯಾರೂ ಇಲ್ಲ, ಪರದೆಯ ಮೇಲೆ ಬಾಣ ತಾನಾಗಿ ಓಡಾಡುತ್ತಿದೆ, ಅಕ್ಷರ ತಾನಾಗಿ ಮೂಡುತ್ತಿದೆ. ಕುಂಕುಮ ಹಚ್ಚಲೋ, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯಲೋ ತಿಳಿಯದೆ ನಿಂತಿದ್ದೆ. ರೇಣುಕಾ ನಕ್ಕು ಹೇಳಿದಳು: “ಏನಿಲ್ರೀ ಅತ್ತಿ. ನಾ ಏನು ಹೇಳ್ತೀನಿ ಅದು ಮಾಡತದ. ಬ್ರೌಸರ್ ತಾನೇ ತೆಗೀತದ, ಗಿರಾಕಿ ಒತ್ತಿದಂಗ ಎಲ್ಲಾ ಗುಂಡಿ ಒತ್ತಿ ನೋಡ್ತದ, ಎಲ್ಲಿ ಕೆಟ್ಟದ ಅಂತ ಹುಡುಕಿ ನನಗ ಹೇಳ್ತದ.”

ಆಗ ನನಗೆ ಸಮಾಧಾನವಾಯಿತು. ಇಂಥವರನ್ನು ನಾನು ಕಂಡಿದ್ದೇನೆ. ನಮ್ಮ ಅತ್ತೆಯ ತಂಗಿ ಒಬ್ಬರಿದ್ದರು. ನಮ್ಮ ಕಡೆ ಹೆಣ್ಣು ನೋಡಲು ಹೋಗುವಾಗ ಗಂಡಿನ ಮನೆಯವರು ಅವರನ್ನು ಕರೆದುಕೊಂಡೇ ಹೋಗುತ್ತಿದ್ದರು. ಆಕೆ ಹೆಣ್ಣನ್ನು ನೋಡುತ್ತಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆಯುವುದು, ಕಪಾಟಿನ ಬಾಗಿಲು ಎಳೆಯುವುದು, ನಳ ತಿರುಗಿಸಿ ಸೋರುತ್ತದೋ ನೋಡುವುದು. ಹೊರಗೆ ಬಂದು ಒಂದೊಂದೇ ದೋಷ ಹೇಳುವುದು. ಏಜೆಂಟನದೂ ಅದೇ ಉದ್ಯೋಗ. ವ್ಯತ್ಯಾಸವೆಂದರೆ ಇವನು ದೋಷ ಹೇಳುವುದಷ್ಟೇ ಅಲ್ಲ, ಹೇಗೆ ಸರಿಮಾಡಬೇಕೆಂದೂ ಹೇಳುತ್ತಾನೆ. ಮತ್ತು ಆ ದೋಷವನ್ನು ನಾಲ್ಕು ಮನೆಗೆ ಹೇಳಿ ಬರುವುದಿಲ್ಲ. ಅವತ್ತಿನಿಂದ ನನಗೆ ಅವನ ಮೇಲೆ ಒಂದು ಬಗೆಯ ಕರುಣೆ. ಊಟವಿಲ್ಲ, ಅಮಾವಾಸ್ಯೆಯಿಲ್ಲ, ಹಬ್ಬವಿಲ್ಲ. ಪಾಪ, ಯಾರ ಮಗನೋ.

ಆ ಭಾನುವಾರ ರೇಣುಕಾ ಮತ್ತು ಮಗ ರಾಮಸಮುದ್ರದಲ್ಲಿ ಯಾರದೋ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಹೊರಡುವ ಮೊದಲು ರೇಣುಕಾ ಏಜೆಂಟನಿಗೆ ಏನೋ ಕೆಲಸ ಹಚ್ಚಿ, “ಅತ್ತಿ, ಅದು ನಮ್ಮ ರೊಟ್ಟಿ ಅಂಗಡಿ ಪರೀಕ್ಷಾ ಮಾಡಾಕತ್ತದ, ಮುಚ್ಚಬ್ಯಾಡ್ರಿ,” ಎಂದು ಹೇಳಿ ಹೋಗಿದ್ದಳು. ಹಿಂದಿನ ದಿನವಷ್ಟೇ ಆರ್ಡರ್ ಬಂದರೆ ನನ್ನ ಮೊಬೈಲು ಕೂಗುವಂತೆಯೂ ಮಾಡಿದ್ದಳು. ಈ ಎರಡನ್ನೂ ಕೂಡಿಸಿದರೆ ಏನಾಗುತ್ತದೆಂದು ನಿಮಗೆ ಈಗಾಗಲೇ ಹೊಳೆದಿರಬೇಕು. ನಿಮಗೆ ಹೊಳೆಯುತ್ತದೆ, ನೀವು ಆರಾಮಾಗಿ ಕುಳಿತು ಓದುತ್ತಿದ್ದೀರಿ. ನನ್ನ ಸ್ಥಿತಿ ಬೇರೆ. ನನಗೆ ಹನುಮಪ್ಪ ಒಲಿದಿದ್ದ.

ಆರ್ಡರ್ ಬಿಡಿಸಿ ಓದಿದೆ. ಹೆಸರು ಗಿರಿಜಾಬಾಯಿ. ಊರು ನಾರಾಯಣಪುರ, ನೀರಾವರಿ ಕಾಲನಿ, ಮನೆ ಸಂಖ್ಯೆ ೧೨೩೪, ಜೊತೆಗೆ ಒಂದು ಫೋನ್ ನಂಬರು. ಕೆಳಗೆ ‘ನಿಮ್ಮ ಸೂಚನೆ’ ಎಂಬಲ್ಲಿ ಹೀಗೆ ಬರೆದಿತ್ತು: ‘ನಮ್ಮ ತಾಯಿಗೆ ಹಲ್ಲಿಲ್ಲ. ಆದರೆ ಜೋಳದ ರೊಟ್ಟಿಯೆಂದರೆ ಅವರಿಗೆ ಪ್ರಾಣ. ದಯವಿಟ್ಟು ಕಡಕ್ ಬದಲು ಮೆತ್ತನೆಯ ರೊಟ್ಟಿ ಕಳಿಸುವಿರಾ? ಸಾಧ್ಯವಾದರೆ ಇಂದೇ.’

ನಾಗಮ್ಮನಿಗೂ ಓದಿ ಹೇಳಿದೆ. ನಾಗಮ್ಮನ ಕೈ ಜೋಳದ ಮೇಲೆ ನಿಂತುಹೋಯಿತು.

“ಮುದಿಕಿ ಏನ ಎಕ್ಕ?”

“ಮುದಿಕಿನ. ಹಲ್ಲಿಲ್ಲಂತ.”

“ಅದಕ್ಯಾಕ ಕಡಕ್ ರೊಟ್ಟಿ ಅಂಗಡಿಗೆ ಬಂದಾರ? ಹಲ್ಲಿಲ್ಲದವರು ಶೇಂಗಾ ಅಂಗಡಿಗೆ ಹೋದಂಗಾತು,” ಎಂದು ಬೈಯುತ್ತಲೇ ಎದ್ದು, ಸೆರಗು ಸಿಕ್ಕಿಸಿ, ಒಲೆಯ ಮೇಲೆ ಹಂಚು ಇಟ್ಟಳು. ನಾಗಮ್ಮನದು ಹೀಗೇ. ಬಾಯಿ ಬಿಸಿ, ಆದರೆ ಎಸರು ಅದಕ್ಕಿಂತ ಬೇಗ ಇಡುತ್ತಾಳೆ.

ನಮ್ಮ ಮನೆಯವರು ಒಳಗಿನಿಂದ ಬಂದು ಮೊಬೈಲು ಇಸಿದುಕೊಂಡು ನೋಡಿದರು. ನಿವೃತ್ತರಾದ ಮೇಲೆ ಅವರಿಗೆ ಸಂಶಯ ಪಡುವುದೊಂದೇ ಕಚೇರಿ ಕೆಲಸ ಉಳಿದಿದೆ.

“ಒಂದು ಎರಡು ಮೂರು ನಾಕು? ನಾವು ಇದ್ದಾಗ ಆ ಕಾಲನ್ಯಾಗ ಅಷ್ಟು ಮನಿ ಎಲ್ಲಿದ್ದು?”

“ನಾವು ಇದ್ದು ಭಾಳ ದಿನ ಆತ್ರಿ. ಆಮ್ಯಾಲ ಕಟ್ಟಿರ್ತಾರ.”

“ಫೋನ್ ಹಚ್ಚಿ ಕೇಳು.”

ಹಚ್ಚಿದೆ. ಆ ಸಂಖ್ಯೆಯೇ ಅಸ್ತಿತ್ವದಲ್ಲಿಲ್ಲ ಎಂದು ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಹೇಳಿದಳು.

“ಕೇಳಿದ್ಯಾ? ಆ ನಂಬರೇ ಇಲ್ಲಂತ!”

“ಡ್ಯಾಮಿನ ಬಾಜೂಕ ರೇಂಜ್ ಎಲ್ಲಿರತದ್ರಿ?” ಎಂದೆ.

ಭಕ್ತಿ ಇದ್ದವರ ಕಷ್ಟವೇ ಇದು. ದೇವರು ಕೊಟ್ಟದ್ದೆಂದು ಒಮ್ಮೆ ಮನಸ್ಸು ಮಾಡಿದ ಮೇಲೆ ಉಳಿದ ಉತ್ತರಗಳೆಲ್ಲ ತಾವಾಗಿಯೇ ಸಿಗುತ್ತವೆ. ರೇಣುಕಾಳಿಗೆ ಫೋನು ಹಚ್ಚಿದರೆ ಎತ್ತಲಿಲ್ಲ; ತೊಟ್ಟಿಲ ಮನೆಯ ಗದ್ದಲ. ಮೂಲೆಯಲ್ಲಿ ಏಜೆಂಟ್ ಮಾತ್ರ ತನ್ನ ಪಾಡಿಗೆ ಒತ್ತುತ್ತಿದ್ದ. ಮನೆಯಲ್ಲಿದ್ದವನಿಗೆ ಒಳ್ಳೆಯ ಸುದ್ದಿ ಹೇಳದಿದ್ದರೆ ಹೇಗೆಂದು ನಾನೇ ಹೋಗಿ, “ತಮ್ಮಾ, ನಮಗ ಆರ್ಡರ್ ಬಂದದಪ್ಪ. ನಾರಾಯಣಪುರದಿಂದ,” ಎಂದೆ. ಅವನು ಏನೂ ಅನ್ನಲಿಲ್ಲ. ಕೆಲಸಗಾರರಿಗೆ ಬೇರೆಯವರ ಸುಖದುಃಖಕ್ಕೆ ಪುರುಸೊತ್ತಿರುವುದಿಲ್ಲ ಎಂದುಕೊಂಡೆ.

ಕಡಕ್ ರೊಟ್ಟಿಯಾಗಿದ್ದರೆ ಪಾರ್ಸಲ್ ಮಾಡಬಹುದಿತ್ತು. ಮೆತ್ತನೆಯ ರೊಟ್ಟಿ ಪಾರ್ಸಲಿನಲ್ಲಿ ಹೋದರೆ ಬೂಸು ಹಿಡಿದು ಮುಟ್ಟುತ್ತದೆ. ಅದಕ್ಕೇ ನಾನೇ ಹೋಗುವುದೆಂದು ನಿರ್ಧರಿಸಿದೆ. ನಾಗಮ್ಮ ರೊಟ್ಟಿಯ ಮೇಲೆ ನೀರು ಹೆಚ್ಚಿಗೆ ಸವರಿ ಬೇಯಿಸಿದಳು. ಬಿಳಿ ಅರಿವೆಯಲ್ಲಿ ಸುತ್ತಿದರೆ ಮೊಲದ ಮರಿ ಸುತ್ತಿದಂತಿತ್ತು. ಬರೀ ರೊಟ್ಟಿ ಯಾರಾದರೂ ಕೊಡುತ್ತಾರೆಯೇ? ಶೇಂಗಾ ಹಿಂಡಿ, ಅಂದರೆ ನಮ್ಮ ಚಟ್ನಿಪುಡಿ, ಕಟ್ಟಿದೆವು. ಹಲ್ಲಿಲ್ಲದವರು ಹಿಂಡಿ ಹೇಗೆ ತಿನ್ನುತ್ತಾರೆಂದು ಒಂದು ಡಬ್ಬಿ ಬೇಳೆಸಾರು ಇಟ್ಟೆವು. ವಯಸ್ಸಾದವರ ಮನೆಗೆ ಮೊದಲ ಸಲ ಬರಿಗೈಲಿ ಹೋಗಬಾರದೆಂದು ಬಾಳೆಹಣ್ಣು. ಅವರು ಹಾಕಿದ ಆರ್ಡರಿಗಿಂತ ನಾವು ಹೊರಿಸಿದ್ದೇ ಹೆಚ್ಚಾಯಿತು. ವ್ಯಾಪಾರ ಹೀಗೆ ಮಾಡುವುದಲ್ಲವೆಂದು ನಮ್ಮ ಮನೆಯವರು ಹೇಳುತ್ತಲೇ ಇದ್ದರು. ನಾಗಮ್ಮ ಬಾಗಿಲ ತನಕ ಬಂದು, “ಎಕ್ಕ, ಚಲೋ ಆಗ್ಯಾವ ಅಂದ್ರ ನಾ ಬಡದದ್ದು ಅಂತ ಹೇಳು. ಕೆಟ್ಟಾವ ಅಂದ್ರ ನಿನ್ನ ಹೆಸರ ಹೇಳು,” ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಹಾಸ್ಟೆಲಿನ ಮಾತು ಅವತ್ತು ಅವಳ ಬಾಯಲ್ಲಿ ಬಂದಿರಲಿಲ್ಲ.

ದೇವರ ಸಣ್ಣ ಸಣ್ಣ ಉಪಕಾರಗಳನ್ನು ನಾನು ಮರೆಯುವುದಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ, ಅದು ಒಂದು. ಶಹಾಪುರದಲ್ಲಿ ಹತ್ತಿದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಅದು ಇನ್ನೊಂದು. ಸುರಪುರದಲ್ಲಿ ಬಸ್ಸು ಬದಲಿಸುವಾಗ ನಾರಾಯಣಪುರದ ಗಾಡಿ ಹೊರಡದೆ ನನಗಾಗಿಯೇ ಎಂಬಂತೆ ನಿಂತಿತ್ತು. ಡ್ರೈವರ್ ಚಹಾಕ್ಕೆ ಹೋಗಿದ್ದನೆಂದು ಮಂದಿ ಗೊಣಗುತ್ತಿದ್ದರು; ನಾನು ಗೊಣಗಲಿಲ್ಲ. ತೊಡೆಯ ಮೇಲಿನ ಗಂಟು ಬೆಚ್ಚಗಿತ್ತು. ಹಲ್ಲಿಲ್ಲದ ಆ ತಾಯಿ ಹೇಗೆ ತಿಂದಾಳು, ಏನಂದಾಳು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಹೋದೆ.

ನಾರಾಯಣಪುರದ ಕಾಲನಿಯಲ್ಲಿ ನಾನು ಸಂಸಾರ ಮಾಡಿದವಳು. ಓಣಿ ಓಣಿ ಗೊತ್ತು. ಆದರೂ ಒಂದು ಸುತ್ತು ಹಾಕಿದೆ, ಎರಡು ಸುತ್ತು ಹಾಕಿದೆ. ಆ ಮನೆ ಸಂಖ್ಯೆ ಸಿಗಲಿಲ್ಲ. ಹೊಸ ಮನೆಗಳನ್ನೂ ಕಟ್ಟಿರಲಿಲ್ಲ. ಇದ್ದವುಗಳಲ್ಲೇ ಕೆಲವು ಬಿದ್ದಿದ್ದವು. ಬೇವಿನ ಗಿಡದ ಕಟ್ಟೆಯ ಮೇಲೆ ನಾಲ್ಕು ಜನ ಹೆಂಗಸರು ಕುಳಿತಿದ್ದರು. ಕೇಳಿದೆ. ಗಿರಿಜಾಬಾಯಿ ಎಂಬವರು ಇಲ್ಲ ಎಂದರು. ಹಲ್ಲಿಲ್ಲದ ತಾಯಿ ಇದ್ದಾರಲ್ಲ, ಅವರ ಮಗಳು ಎಂದೆ. ಹೆಂಗಸರು ನನ್ನ ಮುಖ, ನನ್ನ ಗಂಟು, ಮತ್ತೆ ನನ್ನ ಮುಖ ನೋಡಿದರು. ಅಷ್ಟರಲ್ಲಿ ಫೋನು ಬಂತು. ರೇಣುಕಾ.

“ಅತ್ತಿ, ಎಲ್ಲಿ ಅದೀರಿ?”

“ನಾರಾಯಣಪುರದಾಗ. ಗಿರಿಜಾಬಾಯಿ ಮನಿ ಸಿಗವಲ್ದು ನೋಡವಾ.”

“ಅತ್ತಿ... ಗಿರಿಜಾಬಾಯಿ ಇಲ್ರೀ.”

“ಊರಿಗೆ ಹೋಗ್ಯಾಳೇನು? ಅವ್ವನ ಕೈಯಾಗಾದ್ರೂ ಕೊಟ್ಟು ಬರ್ತೀನಿ.”

“ಅವ್ವನೂ ಇಲ್ರೀ ಅತ್ತಿ.”

“ಯವ್ವಾ ಶಿವನ! ಯಾವಾಗ ಹೋದ್ಲು?”

ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತರು. ಒಬ್ಬಳು ನನ್ನ ಕೈಯಿಂದ ಗಂಟು ಇಸಿದುಕೊಂಡಳು, ಇನ್ನೊಬ್ಬಳು ಭುಜ ಹಿಡಿದು ಕೂಡಿಸಿದಳು. ಆ ಕಡೆ ರೇಣುಕಾ ಅಳುತ್ತಲೇ ಹೇಳುತ್ತಿದ್ದಳು: “ಸತ್ತಿಲ್ರೀ ಅತ್ತಿ, ಹುಟ್ಟೇ ಇಲ್ಲ. ಅದು ಏಜೆಂಟ್ ಬರದದ್ದು. ನಮ್ಮ ಕಡಿ ಗಿರಾಕಿ ಹೆಂಗ ಬರೀತಾರ ಹಂಗ ಬರದು ಆರ್ಡರ್ ಹಾಕಿ ನೋಡು ಅಂತ ನಾನೇ ಹೇಳಿದ್ದೆ. ನಿಮ್ಮ ಫೋನಿಗೂ ಹೋಗತದ ಅನ್ನೋದು ನನಗ ನೆಪ್ಪೇ ಆಗಲಿಲ್ಲ. ನಾಗಮ್ಮ ಕಾಕೂಗ ಏನಂತ ಹೇಳ್ಲಿ ನಾ?”

ನನಗೆ ಮೊದಲು ನೆನಪಾದದ್ದು ಬಾಗಿಲಲ್ಲಿ ನಿಂತ ನಾಗಮ್ಮನ ನಗು. ಅಮಾವಾಸ್ಯೆ ಬಂತು, ಇನ್ನು ಇವಳು ನಿಲ್ಲುವುದಿಲ್ಲ. ಎರಡನೆಯದಾಗಿ, ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನನಗೆ ಆ ಹಲ್ಲಿಲ್ಲದ ತಾಯಿಯ ಬಗ್ಗೆ ದುಃಖವಾಯಿತು. ಸುರಪುರದಿಂದ ಇಲ್ಲಿಯ ತನಕ ಅವಳ ಮುಖ ಕಣ್ಣಿಗೆ ಕಟ್ಟಿತ್ತು. ಹುಟ್ಟದೇ ಇರುವವಳಿಗಾಗಿ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಹೆಂಗಸರಿಗೆ ವಿಷಯ ತಿಳಿಸಬೇಕಾಯಿತು. ಯಂತ್ರ ಬರೆದದ್ದು ಎಂದೆ. ಒಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು. “ಮಿಷನ್ನಿಗೆ ಅವ್ವ ಎಲ್ಲಿಂದ ಬರಬೇಕ್ರಿ?” ಎಂದಳು. ಆಗ ಕಟ್ಟೆಯ ತುದಿಯಲ್ಲಿ ಇಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ ಒಬ್ಬ ಮುದುಕಿ ಕೋಲು ಊರಿ ನನ್ನ ಕಡೆ ಸರಿದು ಬಂದು ಹೇಳಿದಳು:

“ಅಕಿ ಇಲ್ಲಂದ್ರ ಏನಾತವ್ವ, ನಾ ಅದೀನಲ್ಲ. ನನಗೂ ಹಲ್ಲಿಲ್ಲ.” ಸಾಕ್ಷಿಗೆಂದು ಬಾಯಿ ತೆರೆದು ತೋರಿಸಿದಳು. ನಿಜವಾಗಿಯೂ ಒಂದೂ ಇರಲಿಲ್ಲ.

ಯಂಕಮ್ಮ ಎಂದು ಅವಳ ಹೆಸರು. ಕಾಲನಿಯಾಚೆ, ನೀರಿನ ಟಾಕಿಯ ಪಕ್ಕದಲ್ಲಿ ಒಂದು ಕೋಣೆಯ ಮನೆ. ಸೊಸೆ ಲಕ್ಷ್ಮಿ ನಾಲ್ಕು ಮನೆಯ ಕೆಲಸ ಮಾಡುತ್ತಾಳೆ. ಅಲ್ಲಿಗೇ ಕರೆದೊಯ್ದರು. ತಾಟಿನಲ್ಲಿ ನಾಗಮ್ಮನ ರೊಟ್ಟಿ ಮುರಿದು, ಬೇಳೆಸಾರು ಸುರಿದು, ಬೆರಳಿನಲ್ಲಿ ಕಿವುಚಿ ಯಂಕಮ್ಮ ಒಂದೊಂದೇ ತುತ್ತು ಬಾಯಿಗಿಡುವುದನ್ನು ನೋಡುತ್ತ ಕುಳಿತೆ. ಅವಸರವಿಲ್ಲ, ಮಾತಿಲ್ಲ. ಕಣ್ಣು ಮುಚ್ಚಿಕೊಂಡೇ ತಿಂದಳು. ಮುಗಿಸಿ, ಕೈ ನೆಕ್ಕಿ, “ರೊಟ್ಟಿ ಅಂದ್ರ ಇವು. ಸಾರಿಗೆ ಉಪ್ಪು ಕಮ್ಮಿ ಆಗ್ಯಾದ,” ಎಂದಳು. ರೊಟ್ಟಿ ನಾಗಮ್ಮನದು, ಸಾರು ನನ್ನದು.

ಲಕ್ಷ್ಮಿ ಬಾಗಿಲಿಗೆ ಒರಗಿ ನಿಂತಿದ್ದಳು. “ನಾ ಗುರುಮಠಕಲ್ ಕಡ್ಯಾಕಿ ಎಕ್ಕ, ಅನ್ನ ಉಂಡು ಬೆಳದಾಕಿ. ನಾ ಬಡದ ರೊಟ್ಟಿ ನಮ್ಮತ್ತಿ ಬಾಯಿಗೇ ಹಚ್ಚಂಗಿಲ್ಲ. ವಾರಕ್ಕೊಮ್ಮಿ ಇಂಥವು ಸಿಕ್ಕರ ಖಾಯಂ ತಗೋತೀನಿ,” ಎಂದಳು. “ನಿನ್ನ ರೊಟ್ಟಿ ಚಪ್ಪಲಿ ಅಂಗಡ್ಯಾಗ ಇಡು,” ಎಂದಳು ಯಂಕಮ್ಮ, ಒಳಗಿನಿಂದ. ಲಕ್ಷ್ಮಿ ಅದನ್ನು ಕೇಳಿಸಿಕೊಳ್ಳದವಳಂತೆ ತನ್ನ ಫೋನು ತೆಗೆದು ನಮ್ಮ ಅಂಗಡಿ ಹುಡುಕಿದಳು. ಹೆಸರು ಹಾಕಿದಳು. ಪತ್ತಾ ಕೇಳಿದಲ್ಲಿ ‘ಹನುಮಪ್ಪನ ಗುಡಿ ಹಿಂದೆ, ನೀರಿನ ಟಾಕಿ ಬಾಜು’ ಎಂದು ಬರೆದಳು. ಮನೆ ಸಂಖ್ಯೆ ಎಂಬಲ್ಲಿ ಖಾಲಿ ಬಿಟ್ಟು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಗುಂಡಿ ಕಲ್ಲಿನಂತೆ ಕುಳಿತಿತ್ತು.

“ಮನಿ ನಂಬರ್ ಬೇಕೇನೋ ಎಕ್ಕ ಇದಕ್ಕ. ನಮ್ಮ ಮನಿಗೆ ನಂಬರೇ ಇಲ್ಲ. ಇದ್ದವರಿಗಷ್ಟ ಏನು ರೊಟ್ಟಿ?”

ನಾನು ಬೆಪ್ಪಾಗಿ ಕುಳಿತೆ. ಇಲ್ಲದ ಗಿರಿಜಾಬಾಯಿಗೆ ಮನೆ ಸಂಖ್ಯೆ ಇತ್ತು, ನಮ್ಮ ಅಂಗಡಿ ಬಾಗಿಲು ತೆರೆದು ಬರಮಾಡಿಕೊಂಡಿತು. ಕಣ್ಣೆದುರಿಗೆ ಕೈ ನೆಕ್ಕುತ್ತ ಕುಳಿತ ಯಂಕಮ್ಮನಿಗೆ ಸಂಖ್ಯೆ ಇರಲಿಲ್ಲ, ಹೊರಗೇ ನಿಲ್ಲಿಸಿತು. ಅಲ್ಲ, ನಮ್ಮ ಕಡೆ ಎಷ್ಟು ಮನೆಗೆ ಸಂಖ್ಯೆ ಇದೆ? ನನ್ನ ಮನೆಗೇ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ‘ಬೇವಿನ ಗಿಡದ ಮನಿ’ ಎಂದರೆ ಶಹಾಪುರದಲ್ಲಿ ಪೋಸ್ಟಿನವನು ಬರುತ್ತಾನೆ. ಗಿಡ ಕಡಿದು ಎಷ್ಟೋ ವರ್ಷವಾದರೂ ಬರುತ್ತಾನೆ.

ಮೊಬೈಲಿನಲ್ಲಿ ಗಿರಿಜಾಬಾಯಿಯ ಆರ್ಡರಿನ ಕೆಳಗೆ ‘ತಲುಪಿದೆ’ ಎಂಬ ಗುಂಡಿಯಿತ್ತು. ತಲುಪಿತ್ತಲ್ಲ, ಒತ್ತಿದೆ. ಲಕ್ಷ್ಮಿ ಹಣ ಕೊಡಲು ಬಂದಳು, ಬೇಡವೆಂದೆ. ಮುಂದಿನದಕ್ಕೆ ಕೊಡುವೆಯಂತೆ ಎಂದು ಹೇಳಿ ಬಸ್ಸು ಹತ್ತಿದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನಾಗಮ್ಮ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ರೇಣುಕಾ ಹೇಳಿಬಿಟ್ಟಿದ್ದಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ರೇಣುಕಾ ಬಾಗಿಲಲ್ಲಿ ಬಾಡಿದ ಬಾಳೆಲೆಯಂತೆ ನಿಂತಿದ್ದಳು.

“ಬಾ ಎಕ್ಕ,” ಎಂದಳು ನಾಗಮ್ಮ. “ಮಿಷನ್ನಿನ ಅವ್ವ ಆರಾಮ ಅದಾಳೇನು?”

ನಾನು ಚಪ್ಪಲಿ ಬಿಟ್ಟು ಅಲ್ಲೇ ಕುಳಿತೆ. “ತಪ್ಪಾತು ನಾಗಮ್ಮ.”

“ಇಡೀ ಮುಂಜಾನಿ ನಾ ಯಾರಿಗೆ ರೊಟ್ಟಿ ಬಡದೆ ಹೇಳು? ಗಾಳಿಗೆ! ನೀ ಗಾಳಿಗೆ ಬೇಳೆಸಾರು ಹೊತ್ಕೊಂಡು ಹೋದಿ! ನಾಳಿ ಮುಂಜಾನಿ ಯಾದಗಿರಿಗೆ ಫೋನ್ ಹಚ್ಚಿ ಬರ್ತೀನಿ ಅಂತ ಹೇಳ್ತೀನಿ ನಾ. ಸಾಕು ಈ ಆಟ.”

ನಾನು ವಾದಿಸಲಿಲ್ಲ. ಯಂಕಮ್ಮನ ಕಥೆ ಹೇಳಿದೆ. ಬಾಯಿ ತೆರೆದು ತೋರಿಸಿದ್ದು, ಕಣ್ಣು ಮುಚ್ಚಿ ತಿಂದದ್ದು, ನನ್ನ ಸಾರಿಗೆ ಉಪ್ಪು ಕಡಿಮೆಯಾದದ್ದು. ಉಪ್ಪಿನ ಮಾತಿಗೆ ನಾಗಮ್ಮನ ತುಟಿ ಸ್ವಲ್ಪ ಅಲುಗಿತು. “ರೊಟ್ಟಿಗೆ ಏನಂದ್ಲು?” ಎಂದಳು. ಹೇಳಿದೆ. ಮತ್ತೊಮ್ಮೆ ಹೇಳು ಎಂದಳು. ಮತ್ತೊಮ್ಮೆ ಹೇಳಿದೆ. ಆಮೇಲೆ ಲಕ್ಷ್ಮಿ, ಮನೆ ಸಂಖ್ಯೆ, ಕಲ್ಲಿನಂತೆ ಕುಳಿತ ಗುಂಡಿ. ಇಷ್ಟು ಕೇಳಿದ್ದೇ ರೇಣುಕಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪಿನ ಕಡೆ ಓಡಿದಳು.

ಅವಳು ಏಜೆಂಟನಿಗೆ ಲಕ್ಷ್ಮಿ ಬರೆದದ್ದನ್ನೇ ಹೇಳಿದಳು: ಗುಡಿ ಹಿಂದೆ, ಟಾಕಿ ಬಾಜು, ಸಂಖ್ಯೆ ಇಲ್ಲ. ನಾವಿಬ್ಬರೂ ಹಿಂದೆ ನಿಂತು ನೋಡಿದೆವು. ಬಾಣ ಓಡಿತು, ಅಕ್ಷರ ಮೂಡಿತು, ಗುಂಡಿಯೂ ಒತ್ತಿಕೊಂಡಿತು. ಏನೂ ಆಗಲಿಲ್ಲ. ಆಮೇಲೆ ಏಜೆಂಟ್ ಪುಟದ ಹೊಟ್ಟೆಯನ್ನೇ ಬಿಚ್ಚಿದ. ಒಳಗೆಲ್ಲ ಸಣ್ಣ ಸಣ್ಣ ಇಂಗ್ಲಿಷು. ಅಲ್ಲಿ ಹುಡುಕಿ ಇಲ್ಲಿ ಹುಡುಕಿ ಕೊನೆಗೆ ಕನ್ನಡದಲ್ಲಿ ಬರೆದ. ಮನೆ ಸಂಖ್ಯೆ ಇಲ್ಲದೆ ಮುಂದೆ ಬಿಡಬೇಡವೆಂಬ ಕಟ್ಟಳೆ ಇದೆ; ಹಾಗೆಂದು ಗಿರಾಕಿಗೆ ತಿಳಿಸುವ ಸಾಲು ಫೋನಿನಲ್ಲಿ ಕಾಣದಂತೆ ಅಡಗಿ ಕುಳಿತಿದೆ; ತಾನು ಪ್ರತಿಸಲ ಒಂದು ಸಂಖ್ಯೆಯನ್ನು ಕಲ್ಪಿಸಿ ತುಂಬುತ್ತಿದ್ದುದರಿಂದ ಇಷ್ಟು ದಿನ ಈ ದೋಷ ತ‌ನಗೆ ಸಿಗಲಿಲ್ಲ. ಅಷ್ಟೇ ಅಲ್ಲ, ಹಲವರು ಈ ಪುಟದ ತನಕ ಬಂದು, ಇಲ್ಲಿಂದಲೇ ಮರಳಿ ಹೋಗಿರುವಂತೆ ಕಾಣುತ್ತದೆ.

ರೇಣುಕಾ ಇದನ್ನು ಓದಿ ಹೇಳಿದಾಗ ನಾಗಮ್ಮ ಪರದೆಯ ಹತ್ತಿರಕ್ಕೆ ಬಗ್ಗಿದಳು.

“ಅಂದ್ರ ಮಂದಿ ಬಂದಿದ್ರು?”

“ಬಂದಿದ್ರು ಕಾಕು. ಕಟ್ಟಳಿ ಹಾಕಿದಾಕಿ ನಾನೇ. ಸೀರಿ ಅಂಗಡಿದು ಇದ್ದದ್ದು ಹಂಗೇ ಎತ್ತಿ ನಮ್ಮದಕ್ಕ ಹಚ್ಚಿಬಿಟ್ಟೆ. ಈಗ ತೆಗದಬಿಡ್ತೀನಿ.”

“ಬಂದು, ಹೊರಗ ನಿಂತು, ಹೋದ್ರು. ನಮ್ಮ ರೊಟ್ಟಿ ಬ್ಯಾಡಂತಲ್ಲ.” ನಾಗಮ್ಮ ಇದನ್ನು ನಮಗೆ ಹೇಳಲಿಲ್ಲ, ತನಗೇ ಹೇಳಿಕೊಂಡಳು. ಎದ್ದು ಸೆರಗು ಕೊಡವಿ, “ನಾ ಹೋಗ್ತೀನಿ, ದೀಪ ಹಚ್ಚಬೇಕು,” ಎಂದು ಹೊರಟಳು. ಯಾದಗಿರಿಯ ಮಾತು ಎತ್ತಲಿಲ್ಲ, ಬಿಡಲೂ ಇಲ್ಲ. ಗೋಡೆಯ ಈಚೆ ಮಲಗಿ ನಾನು ಹನುಮಪ್ಪನಿಗೆ ಹೇಳಿದೆ: ‘ಅಪ್ಪಾ, ನಾನು ಕೇಳಿದ್ದು ಒಂದು ಆರ್ಡರ್. ನೀನು ಕಳಿಸಿದ್ದು ಹೌದು. ಆದರೆ ಮನುಷ್ಯರದು ಎಂದು ಬಿಡಿಸಿ ಹೇಳಬೇಕಿತ್ತೇನು?’

ಬೆಳಿಗ್ಗೆ ಮೊಬೈಲು ಟಿಣ್ ಎಂದಿತು. ಈ ಸಲ ನಾನು ಹಾರಲಿಲ್ಲ. ರೇಣುಕಾಳನ್ನು ಕರೆದು, ಇವರು ಇದ್ದಾರೋ ಇಲ್ಲವೋ ಮೊದಲು ನೋಡು ಎಂದೆ. ಅವಳು ನೋಡಿದಳು. ಲಕ್ಷ್ಮಿ, ನಾರಾಯಣಪುರ, ಹನುಮಪ್ಪನ ಗುಡಿ ಹಿಂದೆ. ಕೆಳಗೆ ಸೂಚನೆ: ‘ಅತ್ತಿ ಹೇಳ್ಯಾಳ, ರೊಟ್ಟಿ ಮಾಡಿದಾಕಿನೇ ಸಾರೂ ಮಾಡ್ಲಿ.’ ಮಧ್ಯಾಹ್ನದೊಳಗೆ ಅದೇ ಕಟ್ಟೆಯ ಇನ್ನೊಬ್ಬಳದು ಬಂತು, ಸಂಜೆಗೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದವರೊಬ್ಬರದು. ನಾಗಮ್ಮ ಲಕ್ಷ್ಮಿಯ ಸೂಚನೆಯನ್ನು ರೇಣುಕಾಳಿಂದ ಓದಿಸಿ, ಮತ್ತೆ ಓದಿಸಿ, “ಎಕ್ಕ, ಆ ಹಾಸ್ಟೆಲಿನವರಿಗೆ ನೀನೇ ಹೇಳಿಬಿಡು. ನನಗ ಈಗ ಪುರುಸೊತ್ತಿಲ್ಲ,” ಎಂದಳು. ನಾನು ಒಳಗೆ ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಲ್ಯಾಪ್‌ಟಾಪಿನ ಮುಂದೆಯೂ ಒಂದು ಚಿಟಿಕೆ ಸಕ್ಕರೆ ಇಟ್ಟೆ. ಇರುವೆ ಬರುತ್ತವೆಂದು ರೇಣುಕಾ ತೆಗೆದಳು.

ಈಗ ಒಂದೇ ತೊಡಕು ಉಳಿದಿದೆ. ಏಜೆಂಟ್ ಪ್ರತಿದಿನ ಅಂಗಡಿಯನ್ನು ಪರೀಕ್ಷಿಸಿ ರೇಣುಕಾಳಿಗೆ ವರದಿ ಒಪ್ಪಿಸುತ್ತಾನೆ. ಎಲ್ಲ ಸರಿಯಿದೆ ಎಂದು ಬರೆದು, ಕೊನೆಗೆ ಒಂದು ದೋಷ ಮಾತ್ರ ತಪ್ಪದೆ ಎತ್ತಿ ತೋರಿಸುತ್ತಾನೆ: ‘ಗಿರಿಜಾಬಾಯಿ ಎಂಬ ಗಿರಾಕಿ ಕೇವಲ ಪರೀಕ್ಷೆಗಾಗಿ ಕಲ್ಪಿಸಿದವರು. ಆದರೂ ಅವರಿಗೆ ರೊಟ್ಟಿ ತಲುಪಿದೆ ಎಂದು ದಾಖಲಾಗಿದೆ. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯುತ್ತಿಲ್ಲ.’

“ಅಳಸಲೇನ್ರಿ ಅತ್ತಿ?” ಎಂದು ರೇಣುಕಾ ಕೇಳಿದಳು.

“ಬ್ಯಾಡ. ತಲುಪ್ಯಾದ,” ಎಂದೆ.

“ಸುಳ್ಳು ಆಗತದಲ್ರೀ.”

ನನಗೆ ನಗು ಬಂತು. ಇಷ್ಟು ವರ್ಷ ನಾನು ದೇವರ ಮುಂದೆ ಎಡೆ ಇಟ್ಟು, ಕಣ್ಣು ಮುಚ್ಚಿ, ತಲುಪಿತು ಎಂದುಕೊಂಡೇ ಎದ್ದಿದ್ದೇನೆ. ತಿಂದವರು ಮನೆಯ ಮಕ್ಕಳು, ಬಾಗಿಲಿಗೆ ಬಂದವರು, ಕೆಲವೊಮ್ಮೆ ಬೆಕ್ಕು. ಆ ಏಜೆಂಟ್ ನನ್ನ ದೇವರ ಕೋಣೆಗೆ ಬಂದು ಪರೀಕ್ಷೆಗೆ ಕುಳಿತರೆ ದಿನಕ್ಕೊಂದು ದೋಷ ಬರೆಯುತ್ತಾನೆ. ಪಾಪ, ಅವನಿಗೆ ನಿದ್ದೆ ಮೊದಲೇ ಇಲ್ಲ. ಇದನ್ನೆಲ್ಲ ಅವನಿಗೆ ಒಮ್ಮೆ ಕೂಡಿಸಿಕೊಂಡು ತಿಳಿಸಿ ಹೇಳಬೇಕೆಂದು ಕುರ್ಚಿ ಎಳೆದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ನಾಗಮ್ಮ, “ಎಕ್ಕಾ, ನಳ ಬಂದಾವ! ಜಲ್ದಿ!” ಎಂದು ಕೂಗಿದಳು. ಕೊಡ ಎತ್ತಿಕೊಂಡು ಓಡಿದೆ.